ನಾಲ್ಕನೆಯ ಬೆಲ್ಟು

ಒಂದನ್ನು ಎರಡು ಮಾಡುವುದು ಯಾರಿಗಾದರೂ ಬರುತ್ತದೆ. ಮೂರು ಮಾಡಬೇಕಾಗಿ ಬಂದಾಗಲೇ ಗಂಡುಮಕ್ಕಳ ತಲೆ ಕೆಡುವುದು.

ದಂಡಿಗನಹಳ್ಳಿಯ ಚನ್ನಪ್ಪನ ಮನೆಯಲ್ಲಿ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. ಅವನ ಇಬ್ಬರು ಮಕ್ಕಳು, ಅನಿಲ್‌ಕುಮಾರ್ ಮತ್ತು ಅಭಿಷೇಕ್, ಕಂಪ್ಯೂಟರಿನಲ್ಲಿ ಕಾರ್ಖಾನೆ ಕಟ್ಟುವ ಆಟವೊಂದಕ್ಕೆ ಬಿದ್ದಿದ್ದರು. ಅದಿರು ಅಗೆಯಬೇಕು, ಬೆಲ್ಟಿನ ಮೇಲೆ ಸಾಗಿಸಬೇಕು, ಕುಲುಮೆಗಳಿಗೆ ಹಂಚಬೇಕು. ಹಂಚುವುದಕ್ಕೆ ಸ್ಪ್ಲಿಟರ್ ಎಂಬ ಡಬ್ಬಿ ಇದೆ. ಅದಕ್ಕೆ ಇರುವುದು ಎರಡೇ ಬಾಯಿ. ಮೂರು ಕುಲುಮೆಗೆ ಸಮನಾಗಿ ಹಂಚಲಾರದೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಕೂತಿದ್ದಾಗ, ಹಾಸನದಲ್ಲಿ ಡಿಗ್ರಿ ಓದುತ್ತಿದ್ದ ಅಕ್ಕ ಯಮುನಾ ಬಂದು ಮೌಸ್ ಕಿತ್ತುಕೊಂಡಳು.

"ಮೂರು ಮಾಡಕ್ಕೆ ಓಗ್ಬೇಡ್ರಲಾ, ನಾಕು ಮಾಡಿ. ಮೂರ್ನ ನೀವಿಟ್ಕಳಿ, ನಾಕನೇದನ್ನ ಬಂದ ದಾರೀಗೇ ವಾಪಸ್ ಕಳ್ಸಿ. ಅದು ತಿರ್ಗಾ ಎಲ್ರಿಗೂ ಅಂಚೋಯ್ತದೆ."

ಬೆಲ್ಟು ಸರಸರ ಹರಿಯಿತು. ಅವಳು ಇನ್ನೊಂದು ಗುಂಡಿ ಒತ್ತಿ ತೋರಿಸಿದಳು. "ಇಲ್ಲಿ ನೋಡ್ರಿ, ವಾಪಸ್ ಬಂದಿದ್ದಕ್ಕೆ ಮೊದ್ಲು ದಾರಿ ಬಿಡ್ಬೇಕು. ಇಲ್ದಿದ್ರೆ ಅದು ಬಾಗ್ಲಲ್ಲೇ ನಿಂತ್ಕಂಡು ಎಲ್ಲಾ ಜಾಮ್ ಆಯ್ತದೆ ಕಣ್ಲಾ."

ಮೊದಲನೆಯ ಮಾತನ್ನು ತಮ್ಮಂದಿರು ಬಾಯಿ ಬಿಟ್ಟುಕೊಂಡು ಕೇಳಿದರು. ಎರಡನೆಯದು ಬರುವಷ್ಟರಲ್ಲಿ ಜಗಳವಾಡಿಕೊಂಡು ಕುಲುಮೆ ಕಟ್ಟುತ್ತಿದ್ದರು.

ಡಿಗ್ರಿ ಮುಗಿಯಿತು, ಯಮುನಾಳನ್ನು ಅರಕಲಗೂಡಿನ ಸಿದ್ದರಾಜುವಿಗೆ ಕೊಟ್ಟರು. ಗೊಬ್ಬರದ ಅಂಗಡಿ, ಮೆತ್ತಗಿನ ಮಾತು, ಅತ್ತೆ ಮಾವನ ಕಾಲಿಗೆ ಬೀಳುವ ಅಳಿಯ. ದೇವರಂಥವನು ಎಂದು ಊರೆಲ್ಲ ಹೊಗಳಿತು. ಈ ದೇವರು, ಗಿರಾಕಿಯೊಬ್ಬನ ಮಾತಿಗೆ ಹೆಂಡತಿ ನಕ್ಕಳೆಂದು, ಅವಳ ಎಡಗೈಯನ್ನು ಬಾಗಿಲ ಸಂದಿಗೆ ಹಿಡಿದು ಬಾಗಿಲು ಹಾಕಿದ. ಮುರಿದ ಕೈಯನ್ನು ದುಪ್ಪಟ್ಟಾದಲ್ಲಿ ಕಟ್ಟಿಕೊಂಡು, ಒಂದು ಬ್ಯಾಗು ಹಿಡಿದು ಅವಳು ತವರಿಗೆ ಬಂದಳು.

ಹಾಸನದಲ್ಲಿ ಹಾಕಿಸಿದ ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಅವಳ ಆಸೆ ಬಹಳ ಸಣ್ಣದಾಗಿತ್ತು. ಹಿತ್ತಿಲ ಕಡೆ, ತೆಂಗಿನಕಾಯಿ ತುಂಬುತ್ತಿದ್ದ ರೂಮು ಖಾಲಿ ಬಿದ್ದಿತ್ತು. ಅದೊಂದು ಸಿಕ್ಕಿದರೆ ಸಾಕು. ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ ನೋಡಿಕೊಂಡಿದ್ದಳು. ಬೆಳಗ್ಗೆ ಬಸ್ಸು ಹತ್ತುವುದು, ಸಂಜೆ ಬಂದು ತನ್ನ ಬಾಗಿಲು ತಾನೇ ಹಾಕಿಕೊಳ್ಳುವುದು. ಅರಕಲಗೂಡಿಗೆ ಮಾತ್ರ ಸತ್ತರೂ ಹೋಗುವುದಿಲ್ಲ ಎಂದು ತಾಯಿ ಬೆಟ್ಟಮ್ಮನಿಗೆ ಹೇಳಿದ್ದಳು. ಬೆಟ್ಟಮ್ಮ ರಾಗಿ ಮುದ್ದೆ ತಿರುವುತ್ತ, ಹೂಂ ಅಂದಿದ್ದಳು.

ಸಂಜೆಯಾದರೆ ಮತ್ತೆ ಆ ಆಟ, ಮೂವರೂ ಒಟ್ಟಿಗೆ. ತಮ್ಮಂದಿರ ಪ್ರೀತಿಯನ್ನು ಏನೆಂದು ಹೇಳುವುದು!

"ತಾಮ್ರದ ಗುಡ್ಡ ಪೂರ್ತಿ ನಿಂದೇ ಕಣಕ್ಕ," ಎಂದ ಅನಿಲ್.

"ಎಣ್ಣೆ ಬಾವೀನೂ ತಗಳ್ಲಿ ಬಿಡು," ಎಂದ ಅಭಿಷೇಕ್.

ಆಟದ ತಾಮ್ರ ಕೊಡಲು ಯಾರಪ್ಪನ ಗಂಟು ಹೋಗಬೇಕು? ಯಮುನಾ ಮಾತ್ರ ಹಿಗ್ಗಿದಳು, ಪಾಪ. ಅವಳಿಗೆ ಯಾರೂ ಏನನ್ನೂ ಕೊಟ್ಟು ಬಹಳ ಕಾಲವಾಗಿತ್ತು.

ಅನಿಲ್‌ಗೆ ಹೊಳೆನರಸೀಪುರದ ಕಡೆಯಿಂದ ಹೆಣ್ಣು ಗೊತ್ತಾಗುವುದರಲ್ಲಿತ್ತು. ಅವರು ಎರಡು ಮಾತು ಕೇಳಿದ್ದರು: ಗಂಡಿನ ಪಾಲಿಗೆ ಎಷ್ಟು ತೋಟ, ಗಂಡ ಬಿಟ್ಟ ಅಕ್ಕ ಯಾಕೆ ಮನೆಯಲ್ಲಿದ್ದಾಳೆ. ಚನ್ನಪ್ಪ ತಾನು ಗಟ್ಟಿಯಾಗಿರುವಾಗಲೇ ತೋಟವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡುತ್ತೇನೆಂದು ಹೊರಟ. ಕಾನೂನು ಮಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದಲ್ಲ, ಹಾಗಾಗಿ ಹಕ್ಕು ಬಿಟ್ಟೆ ಎಂಬ ಅವಳ ರುಜು ಬೇಕಿತ್ತು.

"ಆಗ್ಲಿ ಕಣಪ್ಪ, ಆಕ್ತೀನಿ," ಎಂದಳು ಯಮುನಾ. "ಇತ್ಲು ರೂಮೊಂದು ನಂಗೆ ಅಂತ ಬರ್ಸಿ."

"ಎತ್ತ ತಂದೆ ಮಾತು ಸಾಲ್ದಾ ನಿಂಗೆ?" ಚನ್ನಪ್ಪನಿಗೆ ಸಿಟ್ಟು ಬಂತು.

ಅನಿಲ್ ಅಕ್ಕನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. "ಮನೇನೇ ನಿಂದು, ರೂಮಿಗ್ಯಾಕಕ್ಕ ಪತ್ರ? ತಮ್ಮನ್ನ ನಂಬಕಿಲ್ವಾ?"

ನಂಬಿದಳು. ಹಾಳಾದ ನಂಬಿಕೆ. ಸೀರೆ ಉಟ್ಟು ಪಟ್ಟಣಕ್ಕೆ ಹೋಗಿ ರುಜು ಹಾಕಿದಳು, ಹೆಬ್ಬೆಟ್ಟು ಒತ್ತಿದಳು. ಬರುವಾಗ ಅಭಿಷೇಕ್ ಮಸಾಲೆ ದೋಸೆ ಕೊಡಿಸಿದ. ರೂಮಿಗೆ ಯಾವ ಬಣ್ಣ ಹೊಡೆಸಲಿ ಎಂದು ಅವಳು ಕೇಳಿದಾಗ, ದೋಸೆ ನೋಡಿಕೊಂಡೇ, ನಿನ್ನಿಷ್ಟ ಅಂದ.

ಮನೆಗೆ ಬಂದರೆ ನಡುಮನೆಯಲ್ಲಿ ರಂಗೋಲಿ, ಮಣೆ, ದೀಪ. ಹಕ್ಕು ಬಿಟ್ಟ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಸೀರೆ ಕೊಡುವುದು ಈ ಕಡೆಯ ಪದ್ಧತಿ. ಅದೇ ಇರಬೇಕೆಂದು ಯಮುನಾ ತಾನಾಗಿಯೇ ಹೋಗಿ ಮಣೆಯ ಮೇಲೆ ಕೂತಳು. ಬೆಟ್ಟಮ್ಮ ಕುಂಕುಮವಿಟ್ಟು, "ಸೆರಗೊಡ್ಡು ಮಗ," ಎಂದಳು. ಎರಡು ಕೈಯಲ್ಲೂ ಹಿಡಿದು ಒಡ್ಡಿದಳು.

ಅಕ್ಕಿ ಬಿತ್ತು.

ಸೀರೆಗೆ ತಟ್ಟೆ ಸಾಕು. ಮಡಿಲಿಗೆ ಅಕ್ಕಿ ಬೀಳುವುದು ಮಗಳು ಗಂಡನ ಮನೆಗೆ ಹೊರಟಾಗ. ಬಿದ್ದ ಮೇಲೆ ಆ ರಾತ್ರಿ ತವರಿನಲ್ಲಿ ಉಳಿಯುವ ಹಾಗಿಲ್ಲ. ಅಕ್ಕಿಯ ಮೇಲೆ ಬೆಲ್ಲ ಬಂತು, ಕೊಬ್ಬರಿ ಬಂತು, ಎಲೆ ಅಡಿಕೆ, ಬಳೆ. ಯಮುನಾ ತಾಯಿಯ ಮುಖ ನೋಡಿದಳು. ಬೆಟ್ಟಮ್ಮ ಅಕ್ಕಿಯನ್ನೇ ನೋಡುತ್ತಿದ್ದಳು.

"ಅವ್ವಾ, ನಾನೆಲ್ಲಿಗೂ ಓಗಕಿಲ್ಲ."

"ಸಿದ್ದರಾಜು ಪೋನ್ ಮಾಡಿದ್ದ ಕಣವ್ವ. ಬದಲಾಗವ್ನಂತೆ. ತುಂಬಿದ ಮಡ್ಲಲ್ಲಿ ಅಳ್ಬಾರ್ದು, ಏಳು."

"ಅನಿಲಾ, ರೂಮು ಕೊಡ್ತೀನಿ ಅಂದ್ಯಲ್ಲೋ!"

ಅನಿಲ್ ಕಾರಿನ ಕೀ ಹುಡುಕುವವನಂತೆ ಜೇಬು ತಡಕಿದ. ಉತ್ತರ ಕೊಟ್ಟವನು ಅಭಿಷೇಕ್. "ನೀನೇ ಏಳ್ಕೊಟ್ಟಿದ್ದಲ್ವಾ ಅಕ್ಕ, ಎಚ್ಚಾಗಿದ್ದನ್ನ ಬಂದ ದಾರೀಗೇ ವಾಪಸ್ ಕಳ್ಸ್ಬೇಕು ಅಂತ?"

ಅಂದವನೇ ತನ್ನ ಜಾಣತನಕ್ಕೆ ತಾನೇ ನಕ್ಕ. ಚನ್ನಪ್ಪನೂ ನಕ್ಕ. ಅವನಿಗೆ ಆಟ ಗೊತ್ತಿರಲಿಲ್ಲ, ಮಾತು ಅರ್ಥವಾಗಿತ್ತು.

ಅವಳು ಸೆರಗು ಕೊಡವಿ ಎದ್ದು ನಿಲ್ಲಬಹುದಿತ್ತು. ಆದರೆ ಮಡಿಲಕ್ಕಿ ಚೆಲ್ಲಿದರೆ ತವರಿಗೆ ಕೇಡು, ಅಣ್ಣತಮ್ಮಂದಿರಿಗೆ ಆಗಿಬರುವುದಿಲ್ಲ ಎಂದು ನಾಲ್ಕು ವರ್ಷದವಳಿದ್ದಾಗಿನಿಂದ ಅವಳ ಕಿವಿಗೆ ತುಂಬಿದವರು ಇವರೇ. ಚೆಲ್ಲಲಾರಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಮಣೆ ಹಾಕಿದ್ದರು. ಥೂ.

ಬ್ಯಾಗು ಆಗಲೇ ಡಿಕ್ಕಿಯಲ್ಲಿತ್ತು. ಬೆಟ್ಟಮ್ಮ ಹಿಂದಿನಿಂದ, "ತಿರುಗಿ ನೋಡ್ಬ್ಯಾಡ," ಎಂದಳು.

ಕಾರು ಹೊಳೆನರಸೀಪುರ ದಾಟಿತು. ಯಮುನಾ ಎರಡು ಕೈಯಲ್ಲೂ ಮಡಿಲನ್ನು ಅವುಚಿಕೊಂಡಿದ್ದಳು, ಹಾಗಾಗಿ ಕಣ್ಣು ಒರೆಸಿಕೊಳ್ಳಲು ಕೈ ಇರಲಿಲ್ಲ. ಕಾರು ಓಡಿಸುತ್ತಿದ್ದ ಅನಿಲ್ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಅಲ್ಲ ಅಕ್ಕ, ಆ ಮೂರರ ಬೆಲ್ಟು ಯಾಕೋ ನಿಂತ್ ನಿಂತ್ ಓಯ್ತದೆ. ನಾಕನೇದು ವಾಪಸ್ ಬಂದು ಬಾಗ್ಲಲ್ಲೇ ಸಿಗಾಕ್ಕೊಂಡ್ಬುಡ್ತದೆ. ಏನ್ ಮಾಡ್ಬೇಕು ಏಳು?"

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಅರಕಲಗೂಡಿನಲ್ಲಿ ಸಿದ್ದರಾಜು ಬಿಳಿ ಅಂಗಿ ತೊಟ್ಟು ಗೇಟಿನ ಬಳಿಯೇ ನಿಂತಿದ್ದ. ಓಡಿ ಬಂದು ಕಾರಿನ ಬಾಗಿಲನ್ನು ತಾನೇ ತೆಗೆದ.

"ನಿಧಾನ, ಅಕ್ಕಿ ಚೆಲ್ಲೀಯ," ಎಂದು ಭಾಮೈದನಿಗೆ ಕೇಳುವ ಹಾಗೆ ಮೆತ್ತಗೆ ಹೇಳಿ, ಮುರಿದು ಕೂಡಿದ್ದ ಆ ಎಡಗೈಯನ್ನೇ ಹಿಡಿದು ಅವಳನ್ನು ಇಳಿಸಿಕೊಂಡ.