ಬುಡದಲ್ಲೇ ಕೂತ ಕರಡಿಮರಿ

ಅಯೋವಾದ ಆ ಊರಿನಲ್ಲಿ ಮಗು ಶಾಲೆಗೆ ಸೇರಿದ ವರ್ಷ ಅಪ್ಪ ಅಮ್ಮ ಒಂದು ಚಿತ್ರಪುಸ್ತಕ ಕೊಳ್ಳುತ್ತಾರೆ. ‘ನಿನ್ನ ಕೈಲಾಗದ್ದಿಲ್ಲ, ಹಾರು ಮಗು’ ಎಂದು ಬೆನ್ನು ತಟ್ಟುವಂಥದ್ದು. ವರ್ಷಕ್ಕೊಬ್ಬ ಟೀಚರ್ ಕೈಯಲ್ಲಿ ಅದರೊಳಗೆ ಎರಡು ಮಾತು ಬರೆಸಿ, ಹದಿಮೂರು ವರ್ಷ ಬಚ್ಚಿಟ್ಟು, ಶಾಲೆ ಮುಗಿದಾಗ ಮಗುವಿನ ಕೈಗಿಡುತ್ತಾರೆ.

ಡೈರಿಯಲ್ಲಿ ಹಸು ಕರೆಯುವ ಆರಿನ್ ಕೂಡ ಮಗಳು ಡೆಲಿಯಾಳಿಗೆ ಒಂದು ಕೊಂಡಿದ್ದ. ಓದು ಬಾರದ ಮನುಷ್ಯ. ಮುಖಪುಟದಲ್ಲಿ ಬೆಟ್ಟ, ಬಲೂನು, ನಗುವ ಕರಡಿಮರಿ ಕಂಡದ್ದೇ ಅವನಿಗೆ ಸಾಕಾಯಿತು. ಅದೋ, ಅಂಥ ಪುಸ್ತಕಗಳನ್ನೇ ಗೇಲಿ ಮಾಡಲು ದೊಡ್ಡವರಿಗೆಂದು ಮಾಡಿದ್ದು. ‘ಹತ್ತಬೇಡ ಮರಿ, ಬೀಳ್ತೀಯ’ ಎಂದು ಪುಟಪುಟವೂ ಹೇಳುತ್ತದೆ. ಕೊನೆಗೆ ಮರಿ ಬೆಟ್ಟದ ಬುಡದಲ್ಲೇ ಕೂತು ಡೋನಟ್ ತಿನ್ನುತ್ತದೆ.

ಮೊದಲು ಬರೆಯಬೇಕಾದವಳು ಶಿಶುತರಗತಿಯ ಐಲೀನ್ ಟಟಲ್. ಕೊಂಡದ್ದು ಬೇರೆಯೇ ಪುಸ್ತಕ ಎಂದು ಆರಿನ್‌ಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನಿಗೆ ಅವಮಾನವಾದೀತು ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಅಷ್ಟು ಮರುಕವಿದ್ದವಳು ಅದನ್ನು ಸ್ಟಾಫ್ ರೂಮಿಗೆ ಒಯ್ದು ಎಲ್ಲರನ್ನೂ ನಗಿಸಿದ್ದೇಕೆ? ನಗುತ್ತಿದ್ದವರ ಎದುರೇ ಬರೆದಳು: ‘ಡೆಲಿಯಾ, ಬುಡದಲ್ಲೂ ಗಾಳಿ ಚೆನ್ನಾಗಿದೆ. ನಿನಗೆ ಅಷ್ಟು ಸಾಕು.’ ಮುಂದಿನ ವರ್ಷದವಳು ‘ನನ್ನದೂ ಅದೇ ಮಾತು’ ಎಂದು ಸೇರಿಸಿದಳು. ಆಮೇಲೆ ಒಂದು ಕುರಿ ಬಿದ್ದ ಹಳ್ಳಕ್ಕೆ ಮಂದೆಯೆಲ್ಲ ಬಿತ್ತು.

ಇವತ್ತು, ಡೆಲಿಯಾಳ ಶಾಲೆ ಮುಗಿದ ಸಂತೋಷಕ್ಕೆ, ಆರಿನ್‌ನ ಗ್ಯಾರೇಜಿನಲ್ಲಿ ಔತಣ. ಮಡಚುವ ಕುರ್ಚಿಗಳು, ಹ್ಯಾಮ್ ಸ್ಯಾಂಡ್‌ವಿಚ್, ಡೆಲಿಯಾಳ ಹೆಸರು ಬರೆದ ಕೇಕು. ಐಲೀನ್ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಬರದೇ ಇರೋಣವೆಂದುಕೊಂಡಿದ್ದಳು, ಆದರೆ ಆರಿನ್ ಎರಡು ಸಲ ಮನೆಗೇ ಬಂದು ಕರೆದಿದ್ದ.

“ಮೊದಲ್ನೇದು ಇವ್ರದ್ದೇ. ಓದಮ್ಮ, ಎಲ್ರೂ ಕೇಳ್ಲಿ,” ಎಂದು ಆರಿನ್ ಐಲೀನ್ ಕಡೆ ಕೈ ತೋರಿಸಿ, ಪುಸ್ತಕವನ್ನು ಮಗಳ ಕೈಗಿತ್ತ.

ಐಲೀನ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“‘ಡೆಲಿಯಾ, ನಿನ್ನ ಕಾಲಲ್ಲಿ ಬಲ ಇದೆ. ಎಷ್ಟು ಎತ್ತರ ಬೇಕಾದ್ರೂ ಹತ್ತು,’” ಎಂದು ಡೆಲಿಯಾ ಓದಿದಳು. ಹದಿಮೂರು ಟೀಚರ್‌ಗಳ ಬರಹವನ್ನೂ ಹಾಗೆಯೇ ಬದಲಿಸಿ, ಎಲ್ಲೂ ತಡವರಿಸದೆ. ಆರಿನ್‌ನ ತುಟಿಯೂ ಅವಳ ಜೊತೆಗೇ ಅಲುಗುತ್ತಿತ್ತು.

“ಬಚ್ಚಿಡೋಕೆ ನನ್ ಕೈಲಿ ಆಗ್ಲಿಲ್ಲ,” ಎಂದ ಅವನು, ನಾಚಿಕೊಂಡು. “ಏನ್ ಬರ್ದಿದಾರೋ ಕೇಳೋ ಆಸೆ. ಇವ್ಳಿಗೆ ಓದಕ್ ಬಂದಾಗಿಂದ ಪ್ರತಿ ವರ್ಷ ಓದಿಸ್ಕೊಂಡಿದೀನಿ.”

ಜನ ಕೇಕಿನ ಕಡೆ ಹೋದಾಗ ಐಲೀನ್ ಹುಡುಗಿಯ ಹತ್ತಿರ ಬಂದಳು. “ಕ್ಷಮಿಸು ಅನ್ನೋಕೂ ನಂಗೆ ಮುಖ ಇಲ್ಲ ಕಣೆ. ನಾಚಿಕೆ ಆಗ್ತಿದೆ.”

“ಮೊದಲ್ನೇ ಸಲ ಓದಿದಾಗ ನಂಗೆ ಏಳು ವರ್ಷ, ಮಿಸೆಸ್ ಟಟಲ್. ನೀವಂದ್ರೆ ತುಂಬಾ ಇಷ್ಟ ಇತ್ತು,” ಎಂದಳು ಡೆಲಿಯಾ. ಸಿಟ್ಟೂ ಇರಲಿಲ್ಲ ದನಿಯಲ್ಲಿ. “ನಾನು ಕಾಲೇಜಿಗೆ ಹೋದ್ಮೇಲೆ ಅಪ್ಪ ಲೈಬ್ರರಿಲಿ ಓದೋದು ಕಲೀತಾರಂತೆ. ಮೊದ್ಲು ಓದೋ ಪುಸ್ತಕ ಇದೇ ಅಂತೆ. ಅವ್ರಿಗೆ ನಿಜ ಹೇಳೋರು ನೀವಾ, ನಾನಾ?”

ಐಲೀನ್ ಆರಿನ್‌ನ ಬಳಿಗೆ ನಡೆದಳು. ಅವನು ಅವಳಿಗೆಂದೇ ದೊಡ್ಡ ತುಂಡು ಕತ್ತರಿಸುತ್ತಿದ್ದ.

“ತಗೊಳ್ಳಿ ಮಿಸೆಸ್ ಟಟಲ್. ನೀವು ಬರ್ದ ಆ ಮಾತಿಂದ್ಲೇ ಅವ್ಳು ಇಷ್ಟು ದೂರ ಬಂದಿದ್ದು.”

“ಅದು ನಾನು ಬರ್ದಿದ್ದಲ್ಲ ಆರಿನ್,” ಎಂದಳು ಐಲೀನ್. “ನಾನು ಬರ್ದಿದ್ದೇ ಬೇರೆ.”