ಕಲ್ಲಿನ ಮೇಲೆ ಒಂದು ಗಂಟೆ

ಮೈಕ್ರೋಮೀಟರು ಎಂಟು ಮೈಕ್ರಾನ್ ಕಡಿಮೆ ತೋರಿಸಿತು. ಹುಡುಗಿ ಶಾಫ್ಟನ್ನು ಒರೆಸಿ ಮತ್ತೆ ಅಳೆದಳು. ಅಷ್ಟೇ. ಮೂರನೇ ಸಲವೂ ಅಷ್ಟೇ. ವರದಿಗೊಂದು ಫೋಟೋ ಬೇಕೆಂದು ನಲವತ್ತು ಶಾಫ್ಟುಗಳಲ್ಲಿ ಇದೊಂದನ್ನು ಎತ್ತಿಟ್ಟುಕೊಂಡಿದ್ದಳು. ಬೆಳಿಗ್ಗೆ ನಲವತ್ತೂ ಸರಿಯಾಗಿದ್ದವು.

ಸರಿಯಾಗಿದ್ದದ್ದು ಬಿಸಿಯಾಗಿದ್ದಾಗ. ಮೆಷಿನ್ನಿಂದ ಆಗಷ್ಟೇ ಇಳಿದ ಉಕ್ಕು ಕೂದಲೆಳೆಗಿಂತ ಕಡಿಮೆ ಊದಿರುತ್ತದೆ, ಆದರೆ ಊದಿರುತ್ತದೆ. ಅಳತೆ ಕೋಣೆಯ ಕಲ್ಲುಮೇಜಿನ ಮೇಲೆ ಒಂದು ಗಂಟೆ ಬಿಟ್ಟು ಆಮೇಲೆ ಅಳೆಯಬೇಕು. ಕಾರ್ಖಾನೆಯವರು ಇದಕ್ಕೆ ಮಲಗಿಸೋದು ಅನ್ನುತ್ತಾರೆ. ಬೆಳಿಗ್ಗೆ ಮೇಸ್ತ್ರಿ ಬಾಗಿಲಲ್ಲಿ ನಿಂತು, "ಮಲಗಿಸಿದ್ಯಾ, ಕಾಲೇಜು?" ಅಂತ ಕೇಳಿದ್ದರು. ಹೂಂ ಅಂದಿದ್ದಳು. ಮಲಗಿಸಿದ್ದು ಹತ್ತೇ ನಿಮಿಷ. ಅವರು ಅಳೆದು ನೋಡದೆ ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಹಾಗೆ ಮಾಡಿದ್ದು ಇವಳೊಬ್ಬಳಿಗೇ.

ಕಾಲೇಜು ಅನ್ನೋದು ಅವಳಿಗೆ ಅಲ್ಲಿ ಬಿದ್ದ ಅಡ್ಡಹೆಸರು. ವಾರಕ್ಕೆ ನಾಲ್ಕು ದಿನ ಕಾರ್ಖಾನೆ, ಒಂದು ದಿನ ಕಾಲೇಜು, ನಾಲ್ಕು ವರ್ಷಕ್ಕೆ ಇಂಜಿನಿಯರಿಂಗ್ ಡಿಗ್ರಿ, ಫೀಸೆಲ್ಲ ಕಂಪನಿಯದು. ಮೂರು ವರ್ಷ ಮುಗಿದಿತ್ತು. ಇವತ್ತು ನಾಲ್ಕು ಗಂಟೆಗೆ ಪರಿಶೀಲನೆ: ಒಬ್ಬಳೇ ಮಾಲು ಪಾಸು ಮಾಡಬಲ್ಲಳು ಅಂತ ಮೇಸ್ತ್ರಿ ಹೇಳಬೇಕು. ಹೇಳದಿದ್ದರೆ ಅಪ್ರೆಂಟಿಸ್‌ಗಿರಿಯೂ ಹೋಯಿತು, ಡಿಗ್ರಿಯೂ ಹೋಯಿತು. ಅಮ್ಮನಂತೂ ಮಗಳು ಇಂಜಿನಿಯರಾಗಿಯೇ ಬಿಟ್ಟಳು ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಆ ಪರಿಶೀಲನೆಯ ವರದಿ ಬರೆಯೋ ಅವಸರದಲ್ಲೇ ಹುಡುಗಿ ಹಾಳು ಐವತ್ತು ನಿಮಿಷ ಉಳಿಸಿದ್ದು.

ಗಡಿಯಾರದಲ್ಲಿ ಮೂರಕ್ಕೆ ಇನ್ನು ಹತ್ತು ನಿಮಿಷವಿತ್ತು. ಮೂರಕ್ಕೆ ಉಳಿದ ಶಾಫ್ಟುಗಳ ಪೆಟ್ಟಿಗೆ ಜೋಡಣೆ ವಿಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಲಿಫ್ಟಿನ ಮೋಟಾರುಗಳೊಳಗೆ. ಸಡಿಲ ಶಾಫ್ಟು ವರ್ಷವಿಡೀ ಸುಮ್ಮನೆ ತಿರುಗಬಹುದು, ಯಾರಿಗೂ ತಿಳಿಯುವುದಿಲ್ಲ, ಒಂದು ದಿನ ಕೈಕೊಡುವವರೆಗೆ. ಅವಳು ಕೈಯಲ್ಲಿದ್ದದ್ದನ್ನು ಜೇಬಿಗೆ ಹಾಕಿಕೊಂಡಳು. ಭಾರವಾಗಿತ್ತು. ಲಿಫ್ಟಿನಲ್ಲಿ ನಿಂತ ಯಾರದೋ ಅಮ್ಮ ಕಣ್ಣಮುಂದೆ ಬಂದಳು. ಮಾಲು ತಡೆಯುವ ಕೆಂಪು ಚೀಟಿಯ ಕಟ್ಟು ಎತ್ತಿಕೊಂಡು ಓಡಿದಳು.

ಟ್ರಾಲಿಯವನು ಆಗಲೇ ಹೊರಟಿದ್ದ. ಮೇಸ್ತ್ರಿ ಸಹಿ ಇದೆಯಲ್ಲಮ್ಮ, ಇನ್ನೇನು ಅಂತ ಗೊಣಗಿದ. ಅವಳು ಪೆಟ್ಟಿಗೆಗೆ ಚೀಟಿ ಕಟ್ಟಿ, ಕಾರಣದ ಜಾಗದಲ್ಲಿ ಬಿಸಿಯಿದ್ದಾಗ ಅಳೆದದ್ದು ಅಂತ ಬರೆದು ಸಹಿ ಹಾಕಿದಳು. ಅಕ್ಷರ ಸೊಟ್ಟಸೊಟ್ಟಗೆ ಬಂತು.

ಮೇಸ್ತ್ರಿ ಬಂದು ಚೀಟಿಯನ್ನು ಎರಡು ಸಲ ಓದಿದರು.

"ಸರ್, ಬೆಳಿಗ್ಗೆ ನಾನು ಸುಳ್ಳು ಹೇಳ್ದೆ. ಪೂರ್ತಿ ಮಲಗಿಸಿರ್ಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೈಕ್ರೋಮೀಟರ್ ಕೊಡು," ಅಂದರು. ಮೊದಲ ವರ್ಷ ತಾವೇ ಅವಳಿಗೆಂದು ಕೊಟ್ಟಿದ್ದನ್ನು ತೆಗೆದುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಅಳತೆ ತಪ್ಪಿದ್ರೆ ಮತ್ತೆ ಅಳೀಬಹುದು. ನಾನು ಸಹಿ ಹಾಕಿದ್ದು ನಿನ್ನ ಹೂಂ ಮೇಲೆ."

ನಾಲ್ಕು ಗಂಟೆಗೆ ಮ್ಯಾನೇಜರ ಕೋಣೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ. ಕಾಲೇಜಿನಿಂದ ಬಂದಿದ್ದ ಮೇಡಂ ಪೆನ್ನಿನ ಕ್ಯಾಪು ಮುಚ್ಚಿ ಕೂತರು. ಮ್ಯಾನೇಜರು ಮೇಸ್ತ್ರಿಯ ಕಡೆ ತಿರುಗಿ, ಈ ಹುಡುಗಿಯನ್ನು ಒಬ್ಬಳನ್ನೇ ಬಿಡಬಹುದಾ ಅಂತ ಕೇಳಿದರು. ಅವಳು ತನ್ನ ಬೂಟನ್ನೇ ನೋಡುತ್ತಿದ್ದಳು.

"ಇವತ್ತು ಆಗಲ್ಲ," ಅಂದರು ಮೇಸ್ತ್ರಿ. "ಆರು ತಿಂಗಳು ಬಿಟ್ಟು ಕೇಳಿ. ಅಲ್ಲೀವರೆಗೆ ನನ್ನ ಹತ್ರಾನೇ ಇರ್ಲಿ. ನೋಡದೆ ಸಹಿ ಹಾಕಿದ್ದು ನಾನೂ ತಾನೇ. ಅದನ್ನೂ ಬರ್ಕೊಳ್ಳಿ."

ಮ್ಯಾನೇಜರು ಎರಡನ್ನೂ ಬರೆದುಕೊಂಡರು. ಹೊರಗೆ ಬಂದ ಮೇಲೆ ಅವಳಿಗೆ ಅಳು ಬಂತು. ಕೈತೊಳೆಯುವ ಜಾಗಕ್ಕೆ ಹೋಗಿ ಮುಖ ತೊಳೆದುಕೊಂಡಳು. ಬೀದಿಗೆಲ್ಲ ಹೇಳಿಬಂದ ಅಮ್ಮನಿಗೆ ಆರು ತಿಂಗಳು ಅನ್ನೋದನ್ನು ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ.

ಅಳತೆ ಕೋಣೆಗೆ ಬಂದಾಗ ಬದಲಿಗೆ ಹೊಸದಾಗಿ ಮಾಡುತ್ತಿದ್ದ ನಲವತ್ತು ಶಾಫ್ಟುಗಳಲ್ಲಿ ಮೊದಲ ಹತ್ತು ಕಲ್ಲಿನ ಮೇಲಿದ್ದವು. ಮುಟ್ಟಿದರೆ ಬೆಚ್ಚಗಿದ್ದವು. ಅವಳು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಹೊತ್ತು ಬರೆದಳು: ನಾಲ್ಕೂ ಐವತ್ತು. ಐದಕ್ಕೆ ಪಾಳಿ ಮುಗಿದ ಗಂಟೆ ಹೊಡೆಯಿತು. ಎಲ್ಲರೂ ಹೊರಟರು. ಮೇಸ್ತ್ರಿ ಬೀರು ತೆಗೆದು ಮೈಕ್ರೋಮೀಟರಿನ ಡಬ್ಬಿ ತಂದು ಕಲ್ಲಿನ ಮೇಲಿಟ್ಟು, ತಮ್ಮ ಸ್ಟೂಲನ್ನು ಎದುರಿಗೆ ಎಳೆದುಕೊಂಡು ಕೂತರು. ಡಬ್ಬಿ ಮುಚ್ಚಿಯೇ ಇತ್ತು. ಅವಳು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಗಡಿಯಾರ ನೋಡಿದಳು. ಇನ್ನೂ ನಲವತ್ತೆಂಟು ನಿಮಿಷವಿತ್ತು.