ಗೆರೆ ಕಾದವನ ತೀರ್ಪು

ವಿಂಬಲ್ಡನ್ನಿನ ಪಬ್ಬಿನಲ್ಲಿ ನಾನೂ ಗೆಳೆಯ ಕ್ಲೈವನೂ ಅಂದೂ ಕಚ್ಚಾಡುತ್ತಿದ್ದೆವು.

"ಫೆಡರರ್ ಆಟ ನೋಡಿದೋನು ಬೇರೆಯವರ ಹೆಸರೇ ಎತ್ತಲ್ಲ ಕಣೋ!" ಎಂದೆ.

"ಜೊಕೊವಿಚ್ ಟ್ರೋಫಿ ಎಣಿಸೋಕೆ ನಿನ್ನ ಕೈಬೆರಳು, ಕಾಲ್ಬೆರಳು ಎರಡೂ ಸಾಲಲ್ಲ, ಸುಮ್ನಿರು!"

ಪಕ್ಕದಲ್ಲಿ ಮುದುಕ ಆಲ್ವಿನ್ ಬಿಯರ್ ಹೀರುತ್ತಿದ್ದ. ಚೆಂಡು ಗೆರೆಯಾಚೆ ಬಿದ್ದರೆ "ಔಟ್" ಎಂದು ಕೂಗುವ ಕೆಲಸವನ್ನು ಸೆಂಟರ್ ಕೋರ್ಟಿನಲ್ಲಿ ಮೂವತ್ತು ವರ್ಷ ಮಾಡಿದವನು.

"ನೀವೇ ಹೇಳಿ, ಯಾರು ದೊಡ್ಡೋರು?" ಎಂದು ಅವನನ್ನೇ ಕೇಳಿದೆ.

"ನಂಗೇನಪ್ಪಾ ಗೊತ್ತು? ನಾನು ಆಟಾನೇ ನೋಡಿಲ್ಲ."

ಕ್ಲೈವನ ಲೋಟ ತುಟಿಯ ಬಳಿಯೇ ನಿಂತಿತು. "ಅಷ್ಟು ಹತ್ತಿರ ಇದ್ದೂ?" ಎಂದು ನಾನು ಕಿರುಚಿದೆ.

"ಗೆರೆಯಿಂದ ಕಣ್ಣು ಕಿತ್ತರೆ ತೀರ್ಪು ತಪ್ಪುತ್ತೆ. ಅವರ ಬೂಟು ಕಂಡಿದ್ದೀನಿ, ಅಷ್ಟೆ. ಹೋದ ವರ್ಷ ನಮ್ಮ ಜಾಗಕ್ಕೆ ಯಂತ್ರ ಬಂತಲ್ಲ, ಆಗ ಟಿಕೆಟ್ ತಗೊಂಡು ಹೋದೆ."

"ಸದ್ಯ! ಆಗಲಾದ್ರೂ ನೋಡಿದ್ರಲ್ಲ?"

"ಐದು ಸೆಟ್ಟೂ ಗೆರೆಯನ್ನೇ ನೋಡಿ ಬಂದೆ."